ನನ್ನ ತಲೆಯ ಒಳ್ಳೆಯ ಚಿತ್ರ

ಸಿಂಚನಾ, ಪ್ರಣವಾ, ನಿಮ್ಮ ಅಜ್ಜಿಗೆ ಹೊಟ್ಟೆಕಿಚ್ಚು ಜಾಸ್ತಿ. ನಾಲ್ಕು ಜನರೆದುರು ಬಾಯಿ ಬಿಡಲು ನಾಚುವವಳಾದ್ದರಿಂದ ಇದು ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ. ಬಾಯಿ ಜೋರಿರುವವರ ಹೊಟ್ಟೆಕಿಚ್ಚು ಮಾತಿನಲ್ಲೇ ಹೊರಗೆ ಹೋಗಿ ಆರುತ್ತದೆ. ನನ್ನಂಥವರದು ಬಚ್ಚಲೊಲೆಯ ಬೂದಿಯೊಳಗಿನ ಕೆಂಡದ ಹಾಗೆ ಒಳಗೇ ಬಿಸಿಯಾಗಿರುತ್ತದೆ. ಸೀರೆ, ಒಡವೆ ಕಂಡು ಹೊಟ್ಟೆ ಉರಿದಿದ್ದರೆ ಹೇಳಿಕೊಳ್ಳಬಹುದಿತ್ತು. ನನಗೆ ಉರಿದದ್ದು ನಿಮ್ಮ ಚಿಕ್ಕಜ್ಜಿ ಸಾವಿತ್ರಿಯ ಸುಸ್ತನ್ನು ಕಂಡು.

ಸಾವಿತ್ರಿ ನನ್ನ ಓರಗಿತ್ತಿ. ಕೊಪ್ಪದ ಈ ಮನೆಯಲ್ಲಿ ಮದುವೆಯಾದಾಗಿನಿಂದ ಇಬ್ಬರೂ ಒಂದೇ ಒಲೆಯ ಮುಂದೆ ಇದ್ದೇವೆ. ಎರಡು ವರ್ಷದ ಹಿಂದೆ ಶೆಟ್ಟಿಕೊಪ್ಪದ ಹತ್ತಿರ ಗಂಡನ ಸ್ಕೂಟರಿನಿಂದ ಬಿದ್ದು ಅವಳ ತಲೆಗೆ ಪೆಟ್ಟಾಯಿತು. ಗಾಯ ಬೇಗ ಮಾಯಿತು, ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ಸುಸ್ತು ಮಾತ್ರ ಹೋಗಲಿಲ್ಲ. ಅದು ಮೈಯ ಸುಸ್ತಲ್ಲ. ತುಂಬಿದ ಬಿಂದಿಗೆ ಸಲೀಸಾಗಿ ಎತ್ತುತ್ತಾಳೆ. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಮುಖ ಬಿಳಚಿಕೊಂಡು ಹೋಗಿ ಮಲಗುತ್ತಾಳೆ. ಎದ್ದರೂ ಸುಸ್ತು ಹಾಗೇ ಇರುತ್ತದೆ.

ನಮ್ಮ ಕಡೆ ಕಾಯಿಲೆಯವರನ್ನು ನೋಡಿಕೊಂಡು ಬರದಿದ್ದರೆ ತಪ್ಪಾಗುತ್ತದೆ. ಬಂದಮೇಲೆ ಏನಾಯಿತು, ಹೇಗಾಯಿತು ಎಂದು ಮೊದಲಿನಿಂದ ಕೇಳದಿದ್ದರೆ ಇನ್ನೂ ದೊಡ್ಡ ತಪ್ಪು. ಹೀಗಾಗಿ ಮಾತಿನಿಂದ ದಣಿಯುವವಳನ್ನು ಮಾತಾಡಿಸುವುದಕ್ಕೆಂದೇ ಜನ ಬಸ್ಸು ಹತ್ತಿ ಬಂದರು. ನೆಂಟರ ಪೈಕಿ ಅಡ್ಡಗದ್ದೆಯ ಶಾರದಕ್ಕ ಬ್ರೆಡ್ಡು ಹಿಡಿದು ಬಂದವಳು, "ಎಂತದೇ ಸಾವಿತ್ರಿ, ಗುಂಡುಕಲ್ಲಿನ ಹಾಗಿದೀಯಲ್ಲೇ ಮಾರಾಯ್ತಿ! ಸುಸ್ತು ಎಲ್ಲಿದೆ, ತೋರ್ಸು ನೋಡಣ" ಎಂದಳು. ತೋರಿಸುವುದು ಏನನ್ನು? ಸಾವಿತ್ರಿ ಎದ್ದು ಒಳಗೆ ಹೋದಳು. ಹಿಂದೆಯೇ ಹೋದರೆ ಕಣ್ಣೊರೆಸಿಕೊಳ್ಳುತ್ತಾ, "ಅಕ್ಕಯ್ಯ, ನಾನು ನಾಟಕ ಮಾಡ್ತಿದೀನಿ ಅಂತಲೇ ಎಲ್ರೂ ತಿಳ್ಕೊಂಡಿದಾರೆ. ಹೀಗೇ ಆದ್ರೆ ನಂಗೇ ಹಾಗನ್ಸಕ್ಕೆ ಶುರುವಾಗುತ್ತೆ" ಎಂದಳು.

ಪಾಪ ಎನಿಸಿತು. ಆದರೆ ಅಷ್ಟರಲ್ಲಿ ಅವಳ ಗಂಡ ಶ್ರೀಪತಿ ಬಾಗಿಲಿಗೆ ಬಂದು ನಿಂತು, "ಯಾರೂ ಸದ್ದು ಮಾಡ್ಬೇಡಿ, ಅವಳಿಗೆ ಸುಸ್ತಾಗಿದೆ" ಎಂದ. ಪಾಪ ಎಂದುಕೊಂಡದ್ದೆಲ್ಲ ಅಲ್ಲೇ ಸುಟ್ಟುಹೋಯಿತು. ನಿಮ್ಮ ಅಜ್ಜ ಹೋದಮೇಲೆ ನನ್ನ ಬಗ್ಗೆ ಯಾರೂ ಹಾಗೆ ಹೇಳಿಲ್ಲ. ಅವರಿದ್ದಾಗಲೂ ಒಂದೇ ಸಲ ಹೇಳಿದ್ದು. ಅದನ್ನೂ ಅವರ ಅಕ್ಕನೆದುರಿಗೆ ಹೇಳಿ ಚೆನ್ನಾಗಿ ಬೈಸಿಕೊಂಡರು.

ಕೊನೆಗೆ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಮಾಮೂಲಿ ಸ್ಕ್ಯಾನು ಮಿದುಳು ಹೇಗಿದೆ ಎಂದಷ್ಟೇ ತೋರಿಸುತ್ತದಂತೆ. ಇನ್ನೊಂದು ಬಗೆಯದರಲ್ಲಿ, ಮಿದುಳು ಕೆಲಸ ಮಾಡುವಾಗ ಯಾವ ಯಾವ ಭಾಗ ಚುರುಕಾಗುತ್ತದೆ ಎನ್ನುವುದು ಕಾಣುತ್ತದಂತೆ. "ಹೋಲಿಸಿ ನೋಡ್ಲಿಕ್ಕೆ ಇದೇ ವಯಸ್ಸಿನ, ಪೆಟ್ಟಾಗದವರೂ ಬೇಕು. ನೀವು ಮಲಗ್ತೀರಾ ಅಮ್ಮ?" ಎಂದು ನನ್ನ ಕಡೆ ನೋಡಿದರು. ಅವರು ಮಾತು ಮುಗಿಸುವ ಮೊದಲೇ ತಲೆಯಾಡಿಸಿದೆ. ಬಾಣಂತನ, ತಿಥಿಯ ಅಡುಗೆ, ನೆಂಟರ ಉಪಚಾರ ಎಂದು ಇಷ್ಟು ವರ್ಷ ಕೂಡಿಟ್ಟ ನನ್ನ ಸುಸ್ತೆಲ್ಲ ಇವತ್ತು ಬಣ್ಣ ಬಣ್ಣವಾಗಿ ಹೊರಗೆ ಬೀಳುತ್ತದೆ, ಶಾರದಕ್ಕನಿಗೂ ತೋರಿಸಬಹುದು ಎಂದು ಒಳಗೊಳಗೇ ಹಿಗ್ಗಿದೆ.

ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದರು. ಸಾವಿತ್ರಿ ಕರಿಮಣಿ, ಓಲೆ, ಮೂಗುಬೊಟ್ಟು ತೆಗೆದು ಕೊಟ್ಟಳು. ಶ್ರೀಪತಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲೆ ಕೈ ಇಟ್ಟುಕೊಂಡೇ ಕೂತ. ನನ್ನದು ಸೆರಗಿನ ಒಂದು ಪಿನ್ನು. ಟ್ರೇಯಲ್ಲಿ ಇಟ್ಟೆ. ಅಲ್ಲೂ ಸ್ವಲ್ಪ ಉರಿಯಿತು.

ಯಂತ್ರದ ಒಳಗೆ ಅಕ್ಕಿ ಮಿಲ್ಲಿನಲ್ಲಿ ಮಲಗಿದಷ್ಟು ಸದ್ದು. ಕಣ್ಣೆದುರಿನ ಸಣ್ಣ ಕನ್ನಡಿಯಲ್ಲಿ ಅಂಕಿಗಳು ಬರುತ್ತವೆ, ಬಂದದ್ದೇ ಮತ್ತೆ ಬಂದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಿಧಾನವಾಗಿ, ದಣಿದವಳ ಹಾಗೆ ಒತ್ತಬೇಕೆಂದುಕೊಂಡೇ ಮಲಗಿದ್ದೆ. ಆದರೆ ನನ್ನನ್ನು ಯಾರಾದರೂ ಪರೀಕ್ಷೆಗೆ ಕೂರಿಸಿ ಎಷ್ಟು ಕಾಲವಾಗಿತ್ತು! ಊರ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಲು ನಾಚಿ ಕೂತವಳು ನಾನು. ಇಲ್ಲಿ ಕೈ ಎತ್ತಬೇಕಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಒತ್ತಿದ್ದೇ ಒತ್ತಿದ್ದು. ಸುಸ್ತಾಗಬೇಕೆನ್ನುವುದು ಮರೆತೇ ಹೋಯಿತು. ಮುಗಿಯಿತು ಎಂದಾಗ, ಇನ್ನೊಂದು ಸಲ ಮಾಡಲೇ ಎಂದು ಕೇಳುವುದೊಂದು ಬಾಕಿ.

ಇನ್ನೊಂದು ದಿನ ಕರೆಸಿ ಡಾಕ್ಟರಮ್ಮ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ನನ್ನದರಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕಿ. ಸಾವಿತ್ರಿಯದು ದೀಪಾವಳಿ. "ಅದೇ ಕೆಲಸಕ್ಕೆ ಇವರ ಮಿದುಳು ಎಷ್ಟು ಹೆಚ್ಚು ಒದ್ದಾಡ್ತಾ ಇದೆ ನೋಡಿ. ಈ ಚಿತ್ರವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಆದರೆ ಈ ಸುಸ್ತು ನಾಟಕ ಅಲ್ಲ" ಎಂದರು. ಸಾವಿತ್ರಿ ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಉಸಿರನ್ನು ಬಿಟ್ಟಳು. ನಾನು ನನ್ನ ಸರದಿಗೆ ಕಾದೆ. "ನಿಮ್ಮದು ಬಹಳ ಚೆನ್ನಾಗಿದೆ ಅಮ್ಮ! ದಣಿವಿನ ಸುಳಿವೇ ಇಲ್ಲ."

ಶ್ರೀಪತಿ ಎರಡನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ. ಶಾರದಕ್ಕ ಸಾವಿತ್ರಿಯದನ್ನು ನೋಡಿ ಪಿಸುಮಾತಿಗೆ ಇಳಿದಳು. ಆಮೇಲೆ ನನ್ನದನ್ನು ನೋಡಿ, "ನಿಂದು ಗಟ್ಟಿ ತಲೆ ಬಿಡೇ. ಎರಡು ದೋಸೆ ಹೊಯ್ಯಿ" ಎಂದಳು. ಈಗ ನಾನು ಕಂಬಕ್ಕೆ ಒರಗಿದರೆ ಸಾಕು, "ಅತ್ತಿಗೆ, ನಿಮಗೆಂತ ಸುಸ್ತು? ಫೋಟೋ ತೋರಿಸ್ಲಾ?" ಎಂದು ಶ್ರೀಪತಿ ನಗುತ್ತಾನೆ.

ಮೊನ್ನೆ ಮಧ್ಯಾಹ್ನ ಹುರುಳಿಕಾಯಿ ನಾರು ತೆಗೆಯುವಾಗ ಸಾವಿತ್ರಿ ಮೆಲ್ಲಗೆ, "ಅಕ್ಕಯ್ಯ, ಬೇಜಾರು ಮಾಡ್ಕೋಬೇಡಿ. ಅವತ್ತು ನಿಮ್ಮ ಚಿತ್ರ ನೋಡಿ ನಂಗೆ ಹೊಟ್ಟೆ ಉರೀತು. ಎಷ್ಟು ತಣ್ಣಗಿತ್ತು. ನಂದೂ ಹಾಗೇ ಇತ್ತಲ್ಲ, ಬೀಳೋ ಮುಂಚೆ" ಎಂದಳು.

ನನ್ನನ್ನು ಕಂಡು ಹೊಟ್ಟೆ ಉರಿದುಕೊಂಡವರು ಅವಳೊಬ್ಬಳೇ ಇರಬೇಕು. ಸುಳ್ಳೇಕೆ, ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಅವಳ ಕೈಯ ಚಾಕು ನಿಂತಿದ್ದು ಕಂಡಿತು. "ಹೋಗಿ ಮಲ್ಕೋ" ಎಂದು ಕಳಿಸಿ ಬಾಗಿಲು ಮುಂದೆ ಮಾಡಿದೆ. ಆಗಲೇ ಶ್ರೀಪತಿ ಚಪ್ಪಲಿ ಸದ್ದು ಮಾಡುತ್ತಾ ಬಂದ. "ಸದ್ದು ಮಾಡ್ಬೇಡ ಮಾರಾಯ, ಅವಳಿಗೆ ಸುಸ್ತಾಗಿದೆ" ಎಂದೆ. ಆ ಮಾತು ಹೇಳುತ್ತಾ ಬಾಗಿಲು ಕಾಯುವವರಿಗೂ ಕಾಲು ನೋಯುತ್ತದೆ ಎಂದು ಅವತ್ತು ತಿಳಿಯಿತು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಆ ಫೋಟೋ ತೋರಿಸಿ, ನಿಮ್ಮ ಅಜ್ಜಿಗೆ ಸುಸ್ತೇ ಇರಲಿಲ್ಲ ಎಂದರೆ ಇವನ್ನು ತೆಗೆದು ಮುಂದಿಡಿ. ಚಿಕ್ಕಜ್ಜಿಯ ಕೈಗೆ ಮಾತ್ರ ಕೊಡಬೇಡಿ. ಓದಿದರೆ ಅವಳಿಗೆ ದಣಿವಾಗುತ್ತದೆ. ಆಗ ಓದಿ ಹೇಳುವ ಕೆಲಸವೂ ನನ್ನ ಮೇಲೆಯೇ ಬೀಳುತ್ತದೆ.