ಊಟದ ಹೊತ್ತಿನ ಮತದಾನ

ಪಾಠ ಹೇಳುವವರು ತಮ್ಮ ಪಾಠವನ್ನು ತಾವೇ ಕೇಳಿಸಿಕೊಳ್ಳುವುದು ಅಪರೂಪ. ನಾನು ಇಪ್ಪತ್ತು ವರ್ಷಗಳಿಂದ ರೋಣದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೇನೆ. ಸಂಸದೀಯ ಪದ್ಧತಿ, ಅಧ್ಯಕ್ಷೀಯ ಪದ್ಧತಿ, ಏಕಾತ್ಮಕ, ಸಂಯುಕ್ತ ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ದೇಶದೇಶಗಳನ್ನು ಹೋಲಿಸುತ್ತೇನೆ. ಅಧಿಕಾರ ಬೇರೆ, ಅದಕ್ಕೆ ಜನರ ಒಪ್ಪಿಗೆ ಬೇರೆ ಎಂದು ಕೈ ಬೀಸಿ ವಿವರಿಸುತ್ತೇನೆ. ನಿಮ್ಮ ಮನೆಯದು ಯಾವ ಪದ್ಧತಿ ಎಂದು ಮಾತ್ರ ಯಾರೂ ಕೇಳಬಾರದು.

ಮೊದಲು ನಮ್ಮಲ್ಲಿ ಅವ್ವನ ರಾಜಪ್ರಭುತ್ವವಿತ್ತು. ಇವತ್ತು ಯಾವ ಪಲ್ಯ, ಹೊಳೆಆಲೂರಿನ ಬೀಗರ ಮದುವೆಗೆ ಯಾರು ಹೋಗಬೇಕು, ಎಲ್ಲ ಅವಳದೇ ತೀರ್ಮಾನ. ಮೊಣಕಾಲು ನೋವು ಶುರುವಾದ ಮೇಲೆ "ಇನ್ನ ನೀವ ನೋಡ್ಕೋರಿ" ಎಂದು ಸಿಂಹಾಸನ ಬಿಟ್ಟಳು. ನಾನು ಸುಮ್ಮನಿರಲಾರದೆ ಪ್ರಜಾಪ್ರಭುತ್ವ ಘೋಷಿಸಿದೆ. ಅವ್ವ, ಹೆಂಡತಿ ಗಿರಿಜಾ, ಇಬ್ಬರು ಹೆಣ್ಣುಮಕ್ಕಳು, ನಾನು: ಒಟ್ಟು ಐದು ಮತ. ಎಲ್ಲರೂ ಒಟ್ಟಿಗೆ ಸಿಗುವುದು ಸಂಜೆಯ ಊಟಕ್ಕೆ, ಆದ್ದರಿಂದ ಅದೇ ನಮ್ಮ ಅಧಿವೇಶನ. ಹೂಂ, ಊಹೂಂ ಎನ್ನುತ್ತ ಹೇಗೋ ನಡೆದಿತ್ತು.

ಹೋದ ಜೂನಿನಲ್ಲಿ ಗಿರಿಜಾ ಒಂದು ವಿಷಯ ತಂದಳು. ಗಜೇಂದ್ರಗಡದ ಹೊಸ ಹೊಲಿಗೆ ತರಬೇತಿ ಕೇಂದ್ರದವರು ಅವಳನ್ನು ಕಲಿಸಲು ಕರೆದಿದ್ದರು. ಮದುವೆಗೆ ಮುಂಚೆ ನರಗುಂದದಲ್ಲಿ ಕಲಿತ ವಿದ್ಯೆ ಅದು. ನಮ್ಮ ಓಣಿಯ ಅರ್ಧ ಹೆಂಗಸರ ಜಂಪರು ಅವಳೇ ಹೊಲಿದದ್ದು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಬೇಕಂತೆ. ನನಗೆ ಕೂಡಲೇ ನೆನಪಾದದ್ದು ಒಂಬತ್ತಕ್ಕೆ ತಟ್ಟೆಗೆ ಬೀಳುವ ಬಿಸಿ ರೊಟ್ಟಿ. ಹಾಗೆಂದು ಹೇಳಲು ನಾಚಿಕೆ. ಅದಕ್ಕೇ ಎಂದೂ ಇಲ್ಲದ ಶಿಸ್ತು ತಂದು, "ಹೋಗಲಿ ಅನ್ನವ್ರು ಕೈ ಎತ್ರಿ" ಎಂದೆ.

ಅವ್ವ ರೊಟ್ಟಿ ಮುರಿಯುತ್ತಿದ್ದಳು. ಮಕ್ಕಳ ಬೆರಳೆಲ್ಲ ಬದನೆಕಾಯಿ ಪಲ್ಯ. ಬಡಿಸುತ್ತಿದ್ದ ಗಿರಿಜಾ ಸೌಟು ಕೆಳಗಿಟ್ಟು ಕೈ ಎತ್ತಿದಳು. ಬೇರೆ ಯಾರೂ ಎತ್ತಲಿಲ್ಲ. ಐದರಲ್ಲಿ ಒಂದೇ ಮತ, ವಿಷಯ ಬಿದ್ದುಹೋಯಿತು ಎಂದು ಸಾರಿ, ಬಹುಮತದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ, ಇನ್ನೊಂದು ರೊಟ್ಟಿ ಕೇಳಿದೆ. ಅವಳು ಹಾಕಿದಳು. ಮರುದಿನ ಕೇಂದ್ರದವರಿಗೆ ಫೋನ್ ಮಾಡಿ "ಆಗೂದಿಲ್ರಿ" ಎಂದಳು.

ದೀಪಾವಳಿ ಹೊತ್ತಿಗೆ ಅವ್ವ ಒಂದು ದಿನ ನನ್ನನ್ನು ಹಿಡಿದಳು. "ಅಲ್ಲೋ, ಆಕಿನ್ನ ಗಜೇಂದ್ರಗಡಕ್ಕ ಯಾಕ ಕಳಸಲಿಲ್ಲ?"

"ನೀನ ಕೈ ಎತ್ತಲಿಲ್ಲಲ್ಲ ಅವ್ವಾ!"

"ಎಂಜಲಗೈ ಹ್ಯಾಂಗ ಎತ್ತಲೋ ಮಾಸ್ತರಾ? ಚಲೋ ಕೆಲಸಕ್ಕ ಎಡಗೈ ಎತ್ತತಾರೇನು? ಕೈ ತೊಳಕೊಂಡ ಮ್ಯಾಲೆ ಹೇಳಬೇಕಂದ್ರ ನೀ ಆಗಲೇ ಮುಗಿಸಿಬಿಟ್ಟಿ. ರಾಜ್ಯ ಬಿಟ್ಟಾಕಿ ನಾ, ಯಾಕ ನಡುವ ಬಾಯಿ ಹಾಕ್ಲಿ?"

ಮಕ್ಕಳನ್ನು ಕೇಳಿದೆ. "ನಾವೂ ಹೇಳಾಕ ಬಂದ್ವಿ ಅಪ್ಪಾ, ನೀ ಭಾಷಣ ಹಚ್ಚಿದಿ" ಎಂದರು.

ನಾನು ಬೆಳೆದದ್ದು ಇದೇ ಅವ್ವನ ಕೈಯಲ್ಲಿ. ಎಂಜಲುಗೈ ಎತ್ತಬಾರದೆಂದು ನನಗೆ ಗೊತ್ತಿರಲಿಲ್ಲವೇ? ಬೇಡ ಅನ್ನುವವರನ್ನೂ ಎಣಿಸಬೇಕು ಎಂದು ವರ್ಷವರ್ಷವೂ ಪಾಠ ಹೇಳುವವನೂ ನಾನೇ. ಅಂದು ಎಣಿಸಿದ್ದರೆ, ಅದಕ್ಕೂ ಯಾರ ಕೈಯೂ ಏಳುತ್ತಿರಲಿಲ್ಲ, ನನ್ನ ಎಡಗೈಯೊಂದನ್ನು ಬಿಟ್ಟು. ಆ ಒಂದು ಕೈ ಯಾರದೆಂದು ಗಿರಿಜಾ ನೋಡಬಾರದಿತ್ತು, ಅದಕ್ಕೇ ಕೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಅದೇ ಸಂಜೆ ಎಲ್ಲರೂ ಕೈ ತೊಳೆದು ಬಂದ ಮೇಲೆ ವಿಷಯವನ್ನು ಮತ್ತೆ ಮಂಡಿಸಿದೆ. ಅವ್ವ, ಮಕ್ಕಳು, ನಾನು. ನಾಲ್ಕೂ ಕೈ ಮೇಲೆದ್ದವು. ಗಿರಿಜಾ ತಟ್ಟೆಗಳನ್ನು ಎತ್ತುತ್ತ, "ಅಲ್ಲಿ ಬ್ಯಾರೇದಾಕಿ ಬಂದು ನಾಕ ತಿಂಗಳಾತ್ರಿ. ಕೈ ಇಳಸ್ರಿ, ನೆಲಾ ಒರಸಬೇಕು" ಎಂದಳು.

ಇಳಿಸಿದೆವು. ಮರುದಿನ ಒಂಬತ್ತಕ್ಕೆ ಸರಿಯಾಗಿ ಬಿಸಿ ರೊಟ್ಟಿ ತಟ್ಟೆಗೆ ಬಿತ್ತು. ಅಂದಾದರೂ ಬೇಡ ಎನ್ನಬೇಕಿತ್ತು. ಅಷ್ಟರಲ್ಲಿ ನನ್ನ ಕೈ ಎಂಜಲಾಗಿತ್ತು.