ಚಾಕಣದ ಸಮುದ್ರಕ್ಕೆ ಒಂದು ಮೂಟೆ ಅರಿಶಿಣ

ಚಾಕಣದ ರಸ್ತೆಗೆ ಸಮುದ್ರ ತಂದೇ ತರುತ್ತೇನೆಂದು ಬಸವಪ್ರಭು ಶಪಥ ಮಾಡಿದ್ದರು. ತಂದೂ ಬಿಟ್ಟರು! ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿಣದ ಸಗಟು ವ್ಯಾಪಾರ ಮಾಡುವವರಿಗೆ ಸಮುದ್ರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅವರ ಹೆಂಡತಿ ನೀತಾ ಕೂಡ ಅದನ್ನೇ ಕೇಳಿದ್ದರು.

ಕಾರಣವಿತ್ತು. ಆ ರಸ್ತೆಯಲ್ಲಿ ಅವರು ಹುರುಪಿನಿಂದ ತೆರೆದ ಮನರಂಜನಾ ಪಾರ್ಕಿಗೆ ಕಾಲೇಜು ಜೋಡಿಗಳನ್ನು ಬಿಟ್ಟರೆ ನರಪಿಳ್ಳೆ ಬರುತ್ತಿರಲಿಲ್ಲ. ಆ ಜೋಡಿಗಳೂ ಜೈಂಟ್ ವೀಲ್ ಹತ್ತದೆ ಮರದ ಬುಡದಲ್ಲೇ ಸಂಜೆ ಮಾಡಿ ಹೋಗುತ್ತಿದ್ದವು. ಅದು ಪುಣೆಯ ಅಂಚಿನ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಸಂಸಾರಸ್ಥರಿಗೆ ಭಾನುವಾರ ಎಲ್ಲಿ ಹೋಗುವುದೆಂಬುದೇ ಚಿಂತೆ. ಬಸವಪ್ರಭು ಪಕ್ಕದ ಹೊಲ ಕೊಂಡರು, ಯಂತ್ರದಿಂದ ಅಲೆಯೇಳುವ ಭಾರೀ ಕೊಳ ಕಟ್ಟಿಸಿದರು. ಗೇಟಿಗೆ ಈರಣ್ಣನೆಂಬ ಹೊಸ ಕಾವಲುಗಾರನನ್ನು ನಿಲ್ಲಿಸಿ, ಸಂಸಾರವಿಲ್ಲದೆ ಬಂದ ಗಂಡಸು ಸಾಕ್ಷಾತ್ ದೇವೇಂದ್ರನಾದರೂ ಒಳಗೆ ಬಿಡಕೂಡದೆಂದು ಅಪ್ಪಣೆ ಮಾಡಿದರು.

ಉದ್ಘಾಟನೆಗೆ ಪ್ರವಾಸದ ಬಸ್ಸುಗಳ ಮಾಲೀಕ ಕೃಷ್ಣಾಜಿ, ಎರಡು ಬಸ್ಸು ತುಂಬ ಸಂಸಾರಗಳನ್ನು ಹೇರಿಕೊಂಡು ಬರುವವರಿದ್ದರು. ಅವರು ಮೆಚ್ಚಿದರೆ ಪ್ರತಿ ಭಾನುವಾರ ಜಾತ್ರೆ. ಮೆಚ್ಚದಿದ್ದರೆ ಆ ಸಮುದ್ರದಲ್ಲಿ ಬಸವಪ್ರಭು ಒಬ್ಬರೇ ಈಜಬೇಕು!

ಉದ್ಘಾಟನೆಯ ದಿನ ಬೆಳಿಗ್ಗೆ ನೋಡಿದರೆ ಕೊಳಕ್ಕೆ ತುಂಬಿಸಿದ ಬೋರಿನ ನೀರು ರಾಡಿ. ಊರ ಬಾವಿಗೆ ಸುಣ್ಣ ಹಾಕುತ್ತಿದ್ದುದು ನೆನಪಾಗಿ, ಅವರು ಚೀಲಗಟ್ಟಲೆ ಸುಣ್ಣ ಸುರಿಸಿದರು. ನೀರು ತಿಳಿಯಾಯಿತು. ಅಷ್ಟರಲ್ಲಿ ನೀತಾ, ಹೊಸ ನೀರಿಗೆ ಗಂಗಾಪೂಜೆ ಮಾಡದೆ ಯಾರೂ ಇಳಿಯಬಾರದೆಂದು ಆರತಿ ತಟ್ಟೆ ಹಿಡಿದು ಬಂದರು.

“ಚಿಟಿಕಿ ಅರಿಶಿಣ ಹಾಕ್ರಿ, ಸಾಕು.”

“ಚಿಟಿಕಿ ಬಾವಿಗೆ. ಇದು ಸಮುದ್ರ ಅದ,” ಎಂದ ಬಸವಪ್ರಭು, ತಮ್ಮದೇ ಗೋದಾಮಿನ ಅರಿಶಿಣ ಪುಡಿಯ ಮೂಟೆ ತರಿಸಿ ಬಾಯಿ ಬಿಚ್ಚಿ ನೀರಿಗೆ ಬೋರಲು ಹಾಕಿಸಿದರು.

ಮೂಟೆಯ ಅರಿಶಿಣವೆಲ್ಲ ಕೊಳದ ತಳದ ಒಂದು ಮೂಲೆಯಲ್ಲಿ ತೆಪ್ಪಗೆ ಕೂತಿತ್ತು. ಬಸ್ಸುಗಳು ಬಂದವು, ಮಕ್ಕಳುಮರಿಗಳೆಲ್ಲ ನೀರಿಗಿಳಿದವು. ಶುಭ್ರ ಬಿಳಿ ಸಫಾರಿಯ ಕೃಷ್ಣಾಜಿ ದಂಡೆಯಲ್ಲಿ ನಿಂತರು. ಬಸವಪ್ರಭು ಗತ್ತಿನಿಂದ ಕೈಯೆತ್ತಿದ್ದೇ ತಡ, ಯಂತ್ರ ಗುಡುಗಿತು, ಅಲೆ ಎದ್ದಿತು. ಅರಿಶಿಣಕ್ಕೂ ಸುಣ್ಣಕ್ಕೂ ಭೇಟಿಯಾಯಿತು! ಕಣ್ಣು ಮಿಟುಕಿಸುವುದರೊಳಗೆ ಸಮುದ್ರವೆಲ್ಲ ಕೆಂಪು ಕೆಂಪು.

ತಮ್ಮ ಕಥೆ ಮುಗಿಯಿತೆಂದುಕೊಂಡ ಬಸವಪ್ರಭು ಯಂತ್ರ ನಿಲ್ಲಿಸಲು ಗೇಟಿನಾಚೆಯ ಪಂಪ್ ಮನೆಗೆ ಎದ್ದುಬಿದ್ದು ಓಡಿದರು. ಗಾಬರಿಯಲ್ಲಿ ಬೇರೆ ಯಾವುದೋ ವಾಲ್ವ್ ತಿರುಗಿಸಿದ್ದರಿಂದ ಕೆಂಪು ನೀರು ಮುಖಕ್ಕೇ ಚಿಮ್ಮಿ, ಅಡಿಯಿಂದ ಮುಡಿಯವರೆಗೆ ತೋಯಿಸಿತು. ಒಳಗಿನಿಂದ ಹೋ ಎಂಬ ಕೂಗು ಕೇಳಿಸಿತು. ಜನ ಕೃಷ್ಣಾಜಿಯನ್ನು ಬಡಿಯುತ್ತಿದ್ದಾರೆಂದೇ ತಿಳಿದು ಗೇಟಿಗೆ ಬಂದರೆ ಈರಣ್ಣನ ಲಾಠಿ ಅಡ್ಡ ಬಂತು.

“ಒಂಟಿ ಗಂಡಸರನ್ನ ಬಿಡೂದಿಲ್ರಿ. ಮಾಲಕರ ಹುಕುಂ ಅದ.”

“ಆ ಮಾಲಕ ನಾನ ಅದೀನಿ.”

“ಮುಂಜಾನಿಂದ ಇಬ್ಬರು ಹಂಗ ಹೇಳ್ಯಾರ್ರಿ.”

ಗೇಟಿನ ಸರಳುಗಳ ಸಂದಿಯಿಂದ ಇಣುಕಿದ ಬಸವಪ್ರಭು ಕಂಡದ್ದೇ ಬೇರೆ. ಅವರ ಸೋದರತ್ತೆ ಕಾಶವ್ವ ಸೀರೆಯ ನೆರಿಗೆ ಸಿಕ್ಕಿಸಿ, ಮದುವೆಮನೆಯ ಓಕುಳಿ ಇದೇ ಅಲ್ಲವೇ ಎನ್ನುತ್ತ ತಂಬಿಗೆಗಟ್ಟಲೆ ನೀರನ್ನು ಕೃಷ್ಣಾಜಿಯ ಸಫಾರಿಗೆ ಎರಚುತ್ತಿದ್ದರು. ಅಜ್ಜಿಯರು ಅಳಿಯಂದಿರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ನಗೆಯೋ ನಗೆ! ಕೃಷ್ಣಾಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಪ್ರತಿ ಭಾನುವಾರ ನಾಲ್ಕು ಬಸ್ಸು ಕಳಿಸುತ್ತೇನೆ, ಈ ಓಕುಳಿ ಮಾತ್ರ ಇರಲೇಬೇಕು, ಇಂಥ ತಲೆ ಓಡಿಸಿದ ಮಾಲೀಕರೆಲ್ಲಿ ಎಂದು ಮರಾಠಿಯಲ್ಲಿ ವಿಚಾರಿಸುತ್ತಿದ್ದರು. ಮಾಲೀಕರು ಗೇಟಿನ ಹೊರಗೆ ಕುಣಿಯುತ್ತಿದ್ದರು.

ಗದ್ದಲ ಕೇಳಿ ನೀತಾ ಬಂದರು. ಕೆಂಪು ಮೂರ್ತಿಯನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು, “ಒಳಗ ಬಿಡಪಾ, ಇವ್ರು ನನ್ನ ಜೋಡಿ ಬಂದಾರ,” ಎಂದರು.

ಈರಣ್ಣ ಗೇಟು ತೆರೆದು ಗಟ್ಟಿಯಾಗಿ ಸೆಲ್ಯೂಟ್ ಹೊಡೆದ.

“ಬಾಯಾರ ಜೋಡಿ ಇದ್ರ ನಡೀತದ್ರಿ. ಇನ್ನ ಮ್ಯಾಲ ಒಬ್ಬರ ಹೊರಗ ಬರಬ್ಯಾಡ್ರಿ, ಮಾಲಕರ.”