ಕುಂಕುಮ ಹಚ್ಚಿಕೊಂಡ ಶಂಟಿಂಗ್ ಎಂಜಿನ್

ಅಫಜಲಪುರಕ್ಕೆ ರೈಲು ಬಂದಿದೆ! ನಂಬುವುದಿಲ್ಲವೇ? ನಮ್ಮ ಸೋದರಮಾವನ ಪಡಸಾಲೆಗೆ ಬನ್ನಿ. ಯಾವ ಸರ್ಕಾರದ ಕೈಲೂ ಆಗದ ಕೆಲಸವನ್ನು ಈ ಮಹಾನುಭಾವರು ಒಂದು ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಮುಗಿಸಿಬಿಟ್ಟಿದ್ದಾರೆ. ಬಾಗಿಲ ಮೇಲೆ ಆಟಿಕೆಯ ಹಳಿ, ಹಳಿಯ ಪಕ್ಕ ಆಳಂದ, ಅಫಜಲಪುರ, ಜೇವರ್ಗಿ ಸ್ಟೇಷನ್ನುಗಳು. ಘತ್ತರಗಿಯ ಹತ್ತಿರ ನೀಲಿ ಬಣ್ಣ ಬಳಿದ ಭೀಮಾ ನದಿ. ಭೂಸನೂರಿನಲ್ಲಿ ಕಬ್ಬು ಹೇರಿದ ವ್ಯಾಗನ್ನುಗಳೂ ಸಾಲಾಗಿ ನಿಂತಿವೆ. ಕೊರತೆ ಒಂದೇ, ಎಂಜಿನ್ನಿನದು.

ಎಕ್ಸ್‌ಪ್ರೆಸ್ ಎಳೆಯುವ ದೊಡ್ಡ ಎಂಜಿನ್ ಮಾಮಾಗೆ ಬೇಡ. ವ್ಯಾಗನ್ನುಗಳನ್ನು ಅತ್ತ ತಳ್ಳಿ ಇತ್ತ ಎಳೆದು ಜೋಡಿಸುವ ಪುಟ್ಟ ಶಂಟಿಂಗ್ ಡೀಸೆಲ್ ಎಂಜಿನ್ನೇ ಬೇಕು.

ಈ ವೈಭವವೆಲ್ಲ ನಡೆಯುತ್ತಿರುವುದು ಮಾಮಾನ ಹೆಂಡತಿ, ನಮ್ಮ ಅತ್ತಿಯ ಮಂಚದ ಮುಂದೆ. ಪಾರ್ಶ್ವವಾಯು ಬಡಿದ ಮೇಲೆ ಅತ್ತಿಯ ಬಲಗೈ ಏಳುತ್ತಿರಲಿಲ್ಲ. ಕೈಗೆ ಕೆಲಸ ಕೊಡದಿದ್ದರೆ ಅದು ಹಾಗೆಯೇ ಉಳಿದೀತು ಎಂದು ಡಾಕ್ಟರು ಹೇಳಿ, ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅತ್ತಿ ಅದನ್ನು ದಿಂಬಿನ ಕೆಳಗೆ ತುರುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಹೆಂಡ್ತಿ ಹಾಸಿಗಿ ಹಿಡದಾಳ, ನೀ ಆಟಿಗಿ ಆಡಾಕತ್ತೀಯಲ್ಲೋ!" ಎಂದು ನಮ್ಮವ್ವ ತಮ್ಮನಿಗೆ ಉಗಿದಳು. ನನಗೂ ಸಿಟ್ಟೇ ಬಂದಿತ್ತು.

ಮಾಮಾ ಹುಟ್ಟಾ ಎತ್ತಿನ ವ್ಯಾಪಾರಿ. ಸೋಲಾಪುರದ ಆಟಿಕೆ ಅಂಗಡಿಯವ ಬಸ್ಸಿನಲ್ಲಿ ಮೊದಲ ಎಂಜಿನ್ ಕಳಿಸಿದ. ನಮ್ಮ ಕಡೆ ಹೊಸ ಎತ್ತು ಮನೆಗೆ ಬಂದರೆ ಮನೆಯಾಕೆ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿದ ಮೇಲೇ ಅದಕ್ಕೆ ಒಳಗೆ ಪ್ರವೇಶ. ಎಂಜಿನ್ನಿಗೂ ಅದೇ ಮರ್ಯಾದೆ! ಮಾಮಾ ನೀರಿನ ತಂಬಿಗೆ ಎತ್ತಿದರು.

"ಮಾಮಾ, ಒಳಗ ಮೋಟರ್ ಅದರಿ!" ಎಂದು ಕೂಗಿದೆ. ನೀರು ತಪ್ಪಿತು. ಕುಂಕುಮ ತಪ್ಪಲಿಲ್ಲ. ಮಾಮಾ ಕುಂಕುಮದ ತಟ್ಟೆಯನ್ನು ಮಂಚದ ಬಳಿ ಹಿಡಿದರು, ಅತ್ತಿ ಎಡಗೈ ಚಾಚಿದರು.

"ಎಡಗೈ ನಡಿಯಂಗಿಲ್ಲ ಬೇ" ಎಂದ ಮಾಮಾ ತಾವೇ ಆಕೆಯ ಬಲಗೈ ಎತ್ತಿ ಹಿಡಿದು ಹಚ್ಚಿಸಿದರು. ಆಮೇಲೆ ಎಂಜಿನ್ನಿನ ಬೆನ್ನು ಒತ್ತಿ, ಹೊಟ್ಟೆ ನೋಡಿ, ನಡೆಸಿ ತೀರ್ಪು ಕೊಟ್ಟರು: "ಗುಣ ಚೊಲೋ ಇಲ್ಲ."

"ಎಂಜಿನ್‌ಗ ಎಂಥಾ ಗುಣರಿ?"

"ಒಮ್ಮಿಗೇ ಜಿಗೀತದಲೇ. ವ್ಯಾಗನ್ ಬೆದರ್ತಾವ!"

ಅದು ವಾಪಸ್ ಹೋಯಿತು. ಮುಂದಿನದರ ದನಿ ಒರಟು. ಅದರ ಮುಂದಿನದಕ್ಕೆ ತಹಸೀಲ್ದಾರರ ಮುಖ. ಪ್ರತಿಯೊಂದಕ್ಕೂ ಕುಂಕುಮ, ಪ್ರತಿಯೊಂದೂ ವಾಪಸ್! ಕೊನೆಗೆ ಅಂಗಡಿಯವ ಫೋನಿನಲ್ಲಿ ಗೋಳಾಡಿದ.

"ಸಾಹೇಬ್ರ, ಎಂಜಿನ್ ಎಲ್ಲಾ ಹಣಿಗಿ ಕುಂಕುಮ ಹಚ್ಕೊಂಡು ಬರಾಕತ್ತಾವ. ಯಾರಿಗಿ ಮಾರ್ಲಿರಿ?"

"ಪೂಜಾ ಆದ ಮಾಲು. ರೇಟ್ ಏರಿಸ್ರಿ!"

ಕಳೆದ ವಾರ ಒಂದು ಹಳದಿ ಎಂಜಿನ್ ಬಂತು. ಮಾಮಾ ಎಂದಿನಂತೆ ತಟ್ಟೆ ಹಿಡಿದು ಬಾಗಿ, ಅತ್ತಿಯ ಮುಂಗೈಗೆ ಕೈ ಹಾಕಿದರು.

"ಬಿಡ್ರಿ" ಎಂದರು ಅತ್ತಿ. "ನಾ ಹಚ್ತೇನಿ."

ಬಲಗೈ ತಾನಾಗಿ ಎದ್ದಿತು. ಗಡಗಡ ನಡುಗುತ್ತಾ ತಟ್ಟೆಗೆ ಇಳಿಯಿತು. ಕುಂಕುಮ ಜೇವರ್ಗಿಯ ಮೇಲೆ ಚೆಲ್ಲಿತು, ಭೀಮಾ ನದಿಯೂ ಕೆಂಪಾಯಿತು. ಕೊನೆಗೆ ಬೆರಳು ಎಂಜಿನ್ನಿನ ಹಣೆ ಮುಟ್ಟಿ ಡ್ರೈವರನ ಕಿಟಕಿಯವರೆಗೂ ಗೀಚಿತು. ಮಾಮಾ ಒಂದೊಂದು ಎಂಜಿನ್ನಿನಲ್ಲೂ ಐಬು ಹುಡುಕಿ ಇನ್ನೊಂದನ್ನು ತರಿಸುತ್ತಿದ್ದದ್ದು ಯಾತಕ್ಕೆಂದು ನನಗೆ ಆಗ ತಿಳಿಯಿತು.

ಮಾಮಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, "ಇದೇ ಇರ್ಲಿ ಬೇ. ಇದರಂಥಾದ್ದು ಸಿಗಂಗಿಲ್ಲ" ಎಂದರು.

ಅತ್ತಿ ತಮ್ಮ ಬೆರಳನ್ನೂ ಎಂಜಿನ್ನನ್ನೂ ಬಹಳ ಹೊತ್ತು ನೋಡಿದರು.

"ಕುಂಕುಮ ಸೊಟ್ಟ ಆಗ್ಯದ" ಎಂದರು. "ಇದನ್ನ ಕಳಸಿ, ಇನ್ನೊಂದು ತರಸ್ರಿ."